ಕೆಳಗಿನ ಪೈಪು

ಮಂಡಕ್ಕಿಯ ತೂಕವೆಷ್ಟು?
ಅರವತ್ತು ಚೀಲ ಹೇರಿದರೂ ನನ್ನ ಮಟಡೋರಿನ ಪಾಟಾ
ಒಂದು ಬೆರಳು ತಗ್ಗುವುದಿಲ್ಲ.
ಹಗ್ಗ ಬಿಗಿಯುವುದು ಭಾರಕ್ಕಲ್ಲ, ಹಾರಿ ಹೋದೀತೆಂದು.
ಅಂಥ ಹೊರೆ ಹೊತ್ತು
ಭರಮಸಾಗರ ದಾಟಿ ಏರು ಹಿಡಿದರೆ ಸಾಕು,
ಮುಳ್ಳು ಕೆಂಪಿಗೆ ಮೂತಿ ಚಾಚುತ್ತಿತ್ತು.

ಎಂಬತ್ತೇಳರ ಗಾಡಿ. ಇಂಜಿನ್ನು ಕ್ಯಾಬಿನ್ನಿನೊಳಗೇ,
ನನಗೂ ಕ್ಲೀನರ್ ತಿಪ್ಪೇಶಿಗೂ ನಡುವೆ
ರಗ್ಗು ಹೊದ್ದು ಕೂತ ಮೂರನೆಯವನ ಹಾಗೆ.
ಅವನಿಗೆ ಜ್ವರ ಏರಿದರೆ ಮೊದಲು ತಿಳಿಯುವುದು
ನನ್ನ ಎಡಮೊಣಕಾಲಿಗೆ.

ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು
ಯಾರ ಹಂಗಿಲ್ಲದೆ ತಿರುಗುತ್ತಿದ್ದವು.
ಅಷ್ಟು ಗಾಳಿಯ ನಡುವೆ ರಗ್ಗು ಸರಿಸಿ, ಪೆಟ್ಟಿಗೆ ಎತ್ತಿ,
ಕುದಿ ಇಳಿಯಲೆಂದು ಕಾಯುತ್ತಿದ್ದೆವು ನಾವಿಬ್ಬರು,
ಕೊಡದಲ್ಲಿ ನೀರು ಇಟ್ಟುಕೊಂಡು.

ಥರ್ಮೋಸ್ಟಾಟ್ ಕಿತ್ತೊಗೆ ಅಂದ ಒಬ್ಬ. ಕಿತ್ತೆ.
ಚಳಿಯ ಬೆಳಗುಗಳಲ್ಲಿ ಇಂಜಿನ್ನು ಕೆಮ್ಮಿತು, ಅಷ್ಟೇ.
ಮುಚ್ಚಳದ ರಬ್ಬರು ಸತ್ತಿದೆ ಅಂದ ಇನ್ನೊಬ್ಬ.
ಆಮೇಲೆ ವಾಟರ್ ಪಂಪು. ಆಮೇಲೆ ಬೆಲ್ಟು;
ಹೆಬ್ಬೆರಳಲ್ಲಿ ಒತ್ತಿ, ಬಿಗಿಯಾಗೇ ಇದೆ ಅಂದು,
ಆದರೂ ಇರಲಿ ಎಂದು ಬದಲಿಸಿದರು.
ಪಿ.ಬಿ. ರಸ್ತೆಯ ಶೆಡ್ಡಿನವ ಹೆಡ್ಡೇ ಇಳಿಸಬೇಕೆಂದು
ಸಿಗರೇಟು ಪಾಕೀಟಿನ ಮೇಲೆ ಹದಿನೆಂಟು ಸಾವಿರ ಬರೆದುಕೊಟ್ಟ.

ನನ್ನೇಸಾಬರಿಗೆ ಎರಡೂ ಕಣ್ಣಲ್ಲಿ ಪೊರೆ,
ಪಾನಾ ಕೆಳಗಿಟ್ಟು ಆರು ವರ್ಷ.
ಮಂಡಕ್ಕಿ ಭಟ್ಟಿಗಳ ಹಿಂದಿನ ಗಲ್ಲಿಯಲ್ಲಿ ಮಗಳ ಮನೆ.
"ಬೆಳಿಗ್ಗೆ ತಗೊಂಬಾ, ತಣ್ಣಗಿದ್ದಾಗ.
ಬಿಸಿ ಗಾಡಿ ಸುಳ್ಳು ಹೇಳತೈತಿ."

ಮುಚ್ಚಳ ಬಿಚ್ಚಿ ಬೆರಳು ಅದ್ದಿ ಉಜ್ಜಿ ನೋಡಿದರು.
ಬೋರಿನ ನೀರು ಹಾಕೀಯಲ್ಲೋ, ಎಂದು ಬೈದರು.
ಸ್ಟಾರ್ಟ್ ಮಾಡಿಸಿ ಬಾಯಿಯ ಹತ್ತಿರ ಕಿವಿಯಿಟ್ಟರು.
"ಗುಳ್ಳಿ ಏಳ್ತಾವೇನೋ ಹುಡುಗ?"
"ಇಲ್ಲಜ್ಜ."
ಕಡ್ಡಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಎಳೆದು,
"ಎಣ್ಣಿ ಎಣ್ಣಿನೇ ಐತಿ, ಮಜ್ಜಿಗಿ ಆಗಿಲ್ಲ.
ಹೆಡ್ಡಿನ ತಂಟೆಗೆ ಹೋಗಬ್ಯಾಡ."

ಮುಚ್ಚಳ ಬಿಗಿಸಿ ಕೂತರು. ಒಂದು ಬೀಡಿ ಮುಗಿಯಿತು, ಇನ್ನೊಂದು.
ಇಂಜಿನ್ನು ಕಾದ ಮೇಲೆ ಮೇಲಿನ ಪೈಪು ಮುಟ್ಟಿದರು: ಸುಟ್ಟಿತು.
ಬಗ್ಗಿ, ನೆಲಕ್ಕೆ ಕೈಯೂರಿ, ಕೆಳಗಿನ ಪೈಪು ಮುಟ್ಟಿದರು:
ಅದೂ ಅಷ್ಟೇ ಸುಟ್ಟಿತು. ನಕ್ಕರು.

"ನೀರಿಂದೇನು ತಪ್ಪಿಲ್ಲಪ, ಹಮಾಲಿ ಮಾಡೇ ಮಾಡೈತಿ.
ಬಿಸಿ ಹೊತ್ಕೊಂಡು ಬಂತು,
ಇಳಿಸಾಕ ಜಾಗ ಸಿಗಲಿಲ್ಲ,
ಹಂಗೇ ಹೊತ್ಕೊಂಡು ವಾಪಸ್ ಹೋತು."

ಹಳೇ ಪೇಪರಿನ ಒಂದು ಹಾಳೆ ಕೇಳಿದರು.
ಜಾಲರಿಯ ಮುಂದೆ ಹಿಡಿದು ಕೈ ಬಿಟ್ಟರು.
ಫ್ಯಾನು ಎಳೆದುಕೊಳ್ಳಬೇಕಿತ್ತು ಅದನ್ನು, ಎದೆಗವಚಿ.
ಹಾಳೆ ಸುಮ್ಮನೆ ಅವರ ಚಪ್ಪಲಿಯ ಮೇಲೆ ಬಿತ್ತು.

ಜಾಲರಿ ಬಿಚ್ಚಿದೆವು.
ರೇಡಿಯೇಟರಿನ ಪದರ ಪದರದ ನಡುವೆ
ಬತ್ತದ ಹೊಟ್ಟು, ಜಿಡ್ಡು ಕುಡಿದು ಇಟ್ಟಿಗೆಯಾಗಿತ್ತು.
ಎಂಟು ವರ್ಷ, ನೆರಳಿದೆಯೆಂದು,
ಭಟ್ಟಿಯ ಹೊಟ್ಟಿನ ರಾಶಿಗೇ ಮೂತಿ ಮಾಡಿ ನಿಲ್ಲಿಸಿದವನು ನಾನೇ.
ಹೆಸರು ಹಿಡಿದು ಬೈಯಲು ಬೇರೆ ಯಾರೂ ಸಿಗಲಿಲ್ಲ.

ಒಳಗಿಂದ ಹೊರಕ್ಕೆ ನೀರು ಹೊಡಿ, ಎದುರಿಂದ ಅಲ್ಲ, ಎಂದರು.
ಭಟ್ಟಿಯ ಗೌಸಿಯಾಬಿ ಪೊರಕೆ ಕಡ್ಡಿ ಹಿಡಿದು ಬಂದು
ಮಕ್ಕಳ ಕಿವಿ ಶುಚಿ ಮಾಡುವ ಹಾಗೆ ಒಂದೊಂದೇ ಸಂದು ಕೆದಕಿದಳು.
ಅಂಗಳವೆಲ್ಲ ಹೊಟ್ಟು. ಗುಬ್ಬಿಗಳು ಬಂದು, ಮೂಸಿ, ಹೋದವು.
"ಕಿತ್ತಿದ್ದ ಥರ್ಮೋಸ್ಟಾಟ್ ವಾಪಸ್ ಹಾಕು" ಎಂದರು ಸಾಬರು.
ದುಡ್ಡು ಕೇಳಲಿಲ್ಲ. ನಾಲ್ಕು ಮಿರ್ಚಿ ಕೇಳಿದರು,
ಮಗಳಿಗೆ ಹೇಳಬೇಡವೆಂದರು.

ಈಗ ಏರಿನಲ್ಲೂ ಮುಳ್ಳು ನಡುವಿನಲ್ಲೇ.
ತಿಪ್ಪೇಶಿ ಆನಗೋಡಿಗೇ ನಿದ್ದೆ ಹೋಗುತ್ತಾನೆ.
ನನ್ನ ಎಡಮೊಣಕಾಲು ಮಾತ್ರ ಇನ್ನೂ ನಂಬುವುದಿಲ್ಲ:
ಆಗಾಗ ಒರಗಿ
ರಗ್ಗು ಮುಟ್ಟಿ ನೋಡುತ್ತದೆ.